ಕಂಠಕ್ಕೆ ವಾದ್ಯದ ಮರುನುಡಿ

ಹಾಡಿನಿಂದ ಮಾತನ್ನು ತೆಗೆದುಬಿಟ್ಟರೆ ಉಳಿಯುವುದೇನು? ಅದರಲ್ಲಿಯೂ, ಮಾತಿನ ಸೊಗಸಿನಿಂದಲೇ ಹೆಸರಾದ ಗಾಯಕನೊಬ್ಬನಿಗೆ ಮಾತಿಲ್ಲದ ವಾದ್ಯವು ಗೌರವ ಸಲ್ಲಿಸುವುದು ಸಾಧ್ಯವೇ? ಜಾಝ್ ಸಂಗೀತದ ಇತಿಹಾಸದಲ್ಲಿ ಈ ಪ್ರಶ್ನೆಗೆ 1959ರಲ್ಲಿ ಒಂದು ಉತ್ತರ ದೊರೆಯಿತು.

ಆ ವರ್ಷದ ಮೇ ತಿಂಗಳಿನಲ್ಲಿ ಕೆನಡಾದ ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ಅವರು ಪ್ಯಾರಿಸ್ ನಗರದಲ್ಲಿ 12 ಗೀತೆಗಳನ್ನು ಧ್ವನಿಮುದ್ರಿಸಿದರು. ಎಲ್ಲವೂ ಅಮೆರಿಕದ ಗಾಯಕ ಫ್ರ್ಯಾಂಕ್ ಸಿನಾತ್ರಾ ಅವರ ಕಂಠದಿಂದ ಮನೆಮಾತಾಗಿದ್ದ ಗೀತೆಗಳು. ಬಾಸ್ ನುಡಿಸಿದವರು ರೇ ಬ್ರೌನ್, ಡ್ರಮ್ಸ್ ನುಡಿಸಿದವರು ಎಡ್ ಥಿಗ್ಪೆನ್. 'ಎ ಜಾಝ್ ಪೋರ್ಟ್ರೇಟ್ ಆಫ್ ಫ್ರ್ಯಾಂಕ್ ಸಿನಾತ್ರಾ' ಎಂಬ ಹೆಸರಿನಿಂದ ವರ್ವ್ ಸಂಸ್ಥೆಯು ಅದನ್ನು ಹೊರತಂದಿತು. ಸಿನಾತ್ರಾ ಅವರಿಗೆ ಆಗ 43 ವರ್ಷ. ಇದು ಅಗಲಿದವರಿಗೆ ಸಲ್ಲಿಸಿದ ಅಂಜಲಿಯಲ್ಲ. ಕೀರ್ತಿಯ ಶಿಖರದಲ್ಲಿದ್ದ ಗಾಯಕನ ಎದುರಿನಲ್ಲಿಯೇ ಬರೆದ ಚಿತ್ರ. ಮೂಲದೊಡನೆ ಹೋಲಿಸಿ ನೋಡುವವರು ಮನೆಮನೆಯಲ್ಲಿಯೂ ಇದ್ದರು.

ಇಲ್ಲೊಂದು ಹಳೆಯ ಋಣದ ಕಥೆಯೂ ಇದೆ. 1940ರಲ್ಲಿ ಟಾಮಿ ಡಾರ್ಸಿ ಅವರ ವಾದ್ಯವೃಂದವನ್ನು ಸೇರಿದ ತರುಣ ಸಿನಾತ್ರಾ, ಡಾರ್ಸಿ ಟ್ರಾಂಬೋನ್ ನುಡಿಸುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂಬುದನ್ನು ಹಿಂದೆ ಕುಳಿತು ಗಮನಿಸಿದರು. ದೀರ್ಘವಾದ ಸ್ವರಪಂಕ್ತಿ ಎಲ್ಲಿಯೂ ಮುರಿಯದೆ ಸಾಗುತ್ತಿತ್ತು. ಅದನ್ನು ತಮ್ಮ ಕಂಠಕ್ಕೆ ತಂದುಕೊಳ್ಳಲು ಈಜಿ, ಉಸಿರು ಹಿಡಿದು ಸಾಧನೆ ಮಾಡಿದರು. ಅರ್ಥ ಮುಗಿಯುವ ತನಕ ವಾಕ್ಯವನ್ನು ಕಡಿಯದ ಅವರ ಶೈಲಿ ಹೀಗೆ ವಾದ್ಯದಿಂದ ಬಂದದ್ದು.

ಆದರೆ ಆ ಋಣ ತೀರಿಸಲು ಬಂದ ವಾದ್ಯ ಪಿಯಾನೋ. ಸುತ್ತಿಗೆ ತಂತಿಯನ್ನು ತಾಕಿದ ಕ್ಷಣದಿಂದಲೇ ಅದರ ನಾದ ಕ್ಷೀಣಿಸತೊಡಗುತ್ತದೆ. ಹೊಮ್ಮಿದ ಸ್ವರವನ್ನು ಮತ್ತೆ ಉಬ್ಬಿಸುವಂತಿಲ್ಲ. ಸಿನಾತ್ರಾ ಅವರ ದೀರ್ಘಶ್ವಾಸವನ್ನು ಅದು ಅನುಕರಿಸಲಾರದು. ನೆಲ್ಸನ್ ರಿಡಲ್ ಅವರಂಥವರು ಆ ಕಂಠಕ್ಕೆ ಹೆಣೆದಿದ್ದ ದೊಡ್ಡ ವಾದ್ಯವೃಂದದ ವೈಭವವೂ ಮೂವರ ಕೈಯಲ್ಲಿ ಇರಲಿಲ್ಲ. ಪೀಟರ್ಸನ್ ಹಿಡಿದದ್ದು ಇನ್ನೊಂದು ಗುಣವನ್ನು: ಲಯದೊಡನೆ ಆ ಗಾಯಕ ಆಡುತ್ತಿದ್ದ ಸರಸವನ್ನು. ಮಾತೊಂದು ತಾಳದ ಪೆಟ್ಟಿಗಿಂತ ತುಸು ತಡೆದು ಬರುವ ಆ ನಿರಾಳವನ್ನು ಬೆರಳುಗಳು ನುಡಿಸಬಲ್ಲವು.

ಗೀತೆಯ ಮಾತು ಬಲ್ಲವನು ಈ ಮುದ್ರಿಕೆಯನ್ನು ಕೇಳುತ್ತ ಅದನ್ನು ಮನಸ್ಸಿನಲ್ಲಿಯೇ ಹಾಡಿಕೊಳ್ಳುತ್ತಾನೆ. ಅರ್ಧ ಗೌರವ ಸಲ್ಲುವುದು ಅವನ ನೆನಪಿನಿಂದ. ಸಿನಾತ್ರಾ 1998ರಲ್ಲಿ, ಪೀಟರ್ಸನ್ 2007ರಲ್ಲಿ ತೀರಿಕೊಂಡರು. ಮಾತು ಬಲ್ಲ ಆ ಪೀಳಿಗೆಯೂ ವಿರಳವಾಗುತ್ತಿದೆ. ಮಾತನ್ನು ಅರಿಯದ ನಮ್ಮಂಥ ಕೇಳುಗರಿಗೂ ಅಲ್ಲಿ ಒಬ್ಬ ಮನುಷ್ಯನ ನಡಿಗೆ, ನಗೆ, ಬಿಗುಮಾನ ಕೇಳಿಬರುವುದಾದರೆ, ಚಿತ್ರ ಇನ್ನೂ ಮಾಸಿಲ್ಲವೆಂದೇ ಹೇಳಬೇಕು.