ಎರಡು ಗೆರೆಗಳು ಕಲಿಸಿದ ಪಾಠ



ರಸಾಯನಶಾಸ್ತ್ರ ಓದುವ ನಿಮ್ಮಲ್ಲಿ ಹಲವರಿಗೆ ಎನ್.ಎಂ.ಆರ್. ರೋಹಿತವೆಂದರೆ ಭಯ. ಅದರ ಇತಿಹಾಸ ತಿಳಿದರೆ ತಪ್ಪುಗಳು ತಾವಾಗಿಯೇ ಕಡಿಮೆಯಾಗುತ್ತವೆ.

1950ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಕ್ಟರ್ ಮತ್ತು ಯು ಎಂಬ ವಿಜ್ಞಾನಿಗಳು ಸಾರಜನಕದ ನ್ಯೂಕ್ಲಿಯಸ್ಸಿನ ಕಾಂತಗುಣವನ್ನು ಅಳೆಯುತ್ತಿದ್ದರು. ಅಮೋನಿಯಂ ನೈಟ್ರೇಟ್ ದ್ರಾವಣದಲ್ಲಿ ಒಂದು ಗೆರೆಯನ್ನು ನಿರೀಕ್ಷಿಸಿದ್ದರು, ಎರಡು ಕಂಡವು. ಒಂದನ್ನು ಯಂತ್ರದ ದೋಷವೆಂದು ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗೆರೆ ಅಮೋನಿಯಂನ ಸಾರಜನಕದ್ದು, ಇನ್ನೊಂದು ನೈಟ್ರೇಟಿನದು. ಸುತ್ತಲಿನ ಎಲೆಕ್ಟ್ರಾನುಗಳು ಬೇರೆಯಾದರೆ ಗೆರೆಯ ಸ್ಥಾನವೂ ಬೇರೆ. ಇದೇ ಕೆಮಿಕಲ್ ಶಿಫ್ಟ್.

1951ರಲ್ಲಿ ಅಲ್ಲಿಯೇ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಥನಾಲಿನ ಹೈಡ್ರೋಜನ್‌ಗಳ ಮೂರು ಶಿಖರಗಳನ್ನು ತೋರಿಸಿದರು. ಅವುಗಳ ವಿಸ್ತೀರ್ಣ 3:2:1. ಈ ಎಸ್. ಎಸ್. ಧರ್ಮಟ್ಟಿಯವರೇ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್.ಎಂ.ಆರ್. ಸಂಶೋಧನೆಯನ್ನು ಬೆಳೆಸಿದರು.

ಇಲ್ಲಿಂದ ನೀವು ಕಲಿಯಬೇಕಾದುದೇನು? ಮೊದಲನೆಯದು, ಹೈಡ್ರೋಜನ್‌ಗಳನ್ನು ಶಿಖರದ ಎತ್ತರದಿಂದ ಎಣಿಸಬೇಡಿ, ವಿಸ್ತೀರ್ಣ ನೋಡಿ. ಎರಡನೆಯದು, ವಿಸ್ತೀರ್ಣ ತಿಳಿಸುವುದು ಅನುಪಾತ ಮಾತ್ರ. ಡೈಈಥೈಲ್ ಈಥರಿನಲ್ಲಿ ಹೈಡ್ರೋಜನ್ 10 ಇದ್ದರೂ ಕಾಣುವುದು 3:2. ಮೂರನೆಯದು, ಸೂಕ್ಷ್ಮ ಯಂತ್ರದಲ್ಲಿ ಎಥನಾಲಿನ ಮೀಥೈಲ್ ಶಿಖರ ಮೂರಾಗಿ ಸೀಳುತ್ತದೆ. ಅದನ್ನು ಮೂರು ಬಗೆಯ ಹೈಡ್ರೋಜನ್ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಪಕ್ಕದ ಇಂಗಾಲದಲ್ಲಿ ಎರಡು ಹೈಡ್ರೋಜನ್ ಇವೆಯೆಂದೇ ಅದರ ಅರ್ಥ.

ನಿರೀಕ್ಷಿಸದ ಗೆರೆ ಕಂಡರೆ ಅಳಿಸಬೇಡಿ. ದ್ರಾವಕದ್ದೇ, ಕಲ್ಮಶದ್ದೇ ಎಂದು ಮೊದಲು ಪರೀಕ್ಷಿಸಿ. ಎರಡೂ ಅಲ್ಲವಾದರೆ ಆ ಗೆರೆ ನಿಮಗೇನೋ ಹೇಳುತ್ತಿದೆ, ಕೇಳಿಸಿಕೊಳ್ಳಿ.