ಗೆರೆ ನಿಂತ ಹಿಮದ ನೆಲ

ಕಾಳಿದಾಸನ ಯಕ್ಷನು ಮೋಡವನ್ನು ದೂತನನ್ನಾಗಿ ಮಾಡಿ ಹಿಮವಂತನ ಕಡೆಗೆ ಕಳುಹಿದನು. ೧೯೮೪ರ ಏಪ್ರಿಲ್ ೧೩ರಂದು ಸಿಯಾಚಿನ್ ಹಿಮನದಿಯ ಪಶ್ಚಿಮಕ್ಕಿರುವ ಸಾಲ್ತೊರೊ ಶ್ರೇಣಿಯ ಮೇಲೆ ಭಾರತೀಯ ಸೈನಿಕರು ಇಳಿದ ಕಾರ್ಯಾಚರಣೆಗೂ ‘ಮೇಘದೂತ’ವೆಂದೇ ಹೆಸರು. ಆದರೆ ಅಲ್ಲಿ ಮೋಡ ಕವಿಯಿತೆಂದರೆ ಹೆಲಿಕಾಪ್ಟರು ಹಾರದು. ಮನೆಯ ಪತ್ರವೂ ಬಾರದು, ಹಿಮ ಕರಗಿಸಿ ನೀರು ಮಾಡಿಕೊಳ್ಳಲು ಬೇಕಾದ ಸೀಮೆಎಣ್ಣೆಯೂ ಬಾರದು.

ಈ ವ್ಯಾಜ್ಯದ ಮೂಲದಲ್ಲಿರುವುದು ಒಂದು ಅಪೂರ್ಣ ವಾಕ್ಯ. ೧೯೪೯ರ ಕರಾಚಿ ಒಪ್ಪಂದವು ಕದನವಿರಾಮದ ರೇಖೆಯನ್ನು ನಕಾಶೆಯ ಒಂದು ಬಿಂದುವಿನವರೆಗೆ ಎಳೆದು, ಮುಂದೆ ‘ಉತ್ತರಕ್ಕೆ ಹಿಮನದಿಗಳವರೆಗೆ’ ಎಂದಷ್ಟೇ ಹೇಳಿ ಸುಮ್ಮನಾಯಿತು. ೧೯೭೨ರ ಸಿಮ್ಲಾ ಒಪ್ಪಂದದ ಬಳಿಕ ಗುರುತಿಸಿದ ರೇಖೆಯೂ ಅಲ್ಲಿಯೇ ನಿಂತಿತು. ಮನುಷ್ಯರು ನೆಲೆಸಲಾರದ ಕಡೆ ಗಡಿಯಾದರೂ ಏತಕ್ಕೆ ಎಂದು ಎಣಿಸಿದ್ದಂತೆ ಕಾಣುತ್ತದೆ.

ಆ ನೆಲದ ಸ್ವಭಾವವನ್ನು ಕೊಂಚ ನೋಡೋಣ. ಸುಮಾರು ೭೬ ಕಿಲೋಮೀಟರು ಉದ್ದದ ಈ ಹಿಮರಾಶಿ ನಿಂತಂತೆ ತೋರಿದರೂ ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಹರಿಯುವಾಗ ಆಳವಾದ ಬಿರುಕುಗಳು ಬಾಯ್ದೆರೆಯುತ್ತವೆ. ಹೊಸ ಹಿಮ ಬಿದ್ದು ಅವು ಮರೆಯಾಗುತ್ತವೆ. ಆದುದರಿಂದ ಸೈನಿಕರು ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು ನಡೆಯುತ್ತಾರೆ. ಹದಿನೆಂಟು ಸಾವಿರ ಅಡಿಯ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ದೊರೆಯುವುದರ ಅರ್ಧದಷ್ಟು. ಹಸಿವೂ ನಿದ್ರೆಯೂ ದೂರವಾಗುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬಿ ಗಟ್ಟಿಮುಟ್ಟಾದ ಯುವಕನೂ ಸಾಯಬಹುದು. ಚಳಿಗೆ ಮರಗಟ್ಟಿದ ಬೆರಳುಗಳು ಕಪ್ಪಾಗಿ, ಕೊನೆಗೆ ಕತ್ತರಿಸಬೇಕಾಗುತ್ತದೆ. ತೆಳುವಾದ ಆ ಗಾಳಿ ಹೆಲಿಕಾಪ್ಟರನ್ನೂ ಸರಿಯಾಗಿ ಹೊರಲಾರದು. ಅದು ಅಲ್ಪ ಹೊರೆಯನ್ನಷ್ಟೇ ಒಯ್ಯಬಲ್ಲುದು.

೨೦೦೩ರ ನವೆಂಬರಿನಲ್ಲಿ ಕದನವಿರಾಮವಾಗಿ ಗುಂಡಿನ ಸದ್ದು ಅಡಗಿತು. ಹಿಮ ಮಾತ್ರ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ೨೦೧೨ರ ಏಪ್ರಿಲ್ ೭ರಂದು ಗಯಾರಿಯಲ್ಲಿ ಕುಸಿದ ಹಿಮದಡಿ ಪಾಕಿಸ್ತಾನದ ೧೪೦ ಮಂದಿ ಹೂತುಹೋದರು. ೨೦೧೬ರ ಫೆಬ್ರವರಿ ೩ರಂದು ೧೯,೬೦೦ ಅಡಿಯ ಸೋನಂ ಠಾಣೆಯಲ್ಲಿ ಭಾರತದ ಹತ್ತು ಸೈನಿಕರ ಮೇಲೆ ಹಿಮದ ಗೋಡೆಯೇ ಉರುಳಿತು. ಅವರಲ್ಲಿ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಐದು ದಿನಗಳ ಮೇಲೆಯೂ ಜೀವಂತರಾಗಿ ದೊರೆತರು. ನಾಡೆಲ್ಲ ಹರಕೆ ಹೊತ್ತಿತು. ಫೆಬ್ರವರಿ ೧೧ರಂದು ದೆಹಲಿಯಲ್ಲಿ ಅವರು ತೀರಿಕೊಂಡರು.

ಸಿಯಾಚಿನ್ನಿನಲ್ಲಿ ಶತ್ರುವಿನ ಗುಂಡಿಗಿಂತ ಹವೆ, ಹಿಮಗಳಿಗೆ ಬಲಿಯಾದವರೇ ಹೆಚ್ಚು. ಸೇನೆಗಳನ್ನು ಹಿಂದಕ್ಕೆ ಕರೆಸುವ ಮಾತು ಎರಡು ಸರ್ಕಾರಗಳ ನಡುವೆ ೧೯೮೯ರಲ್ಲಿಯೇ ನಡೆದಿತ್ತು, ಕೈಗೂಡಲಿಲ್ಲ. ೧೯೪೯ರಲ್ಲಿ ಅರ್ಧಕ್ಕೆ ಬಿಟ್ಟ ಆ ವಾಕ್ಯದ ಉಳಿದರ್ಧವನ್ನು ಮೇಜಿನ ಮುಂದೆ ಕುಳಿತವರು ಬರೆಯಲಿಲ್ಲ. ಅದನ್ನು ಹಿಮದ ಮೇಲೆ ನಿಂತವರು ತಮ್ಮ ಉಸಿರಿನಿಂದ ತುಂಬಬೇಕಾಯಿತು.