ನಕ್ಷೆಯಲ್ಲಿಲ್ಲದ ಊರು ಮತ್ತು ನಮ್ಮ ಅಡಿಟಿಪ್ಪಣಿ

ಸಮಾಜಶಾಸ್ತ್ರ ಓದುವ ನಮ್ಮ ಬೆಸಗರಹಳ್ಳಿ, ಮದ್ದೂರು ಕಡೆಯ ವಿದ್ಯಾರ್ಥಿಗಳಿಗೆ ‘ವಂಗಲ’ ಎಂಬ ಹೆಸರು ಒಂದಲ್ಲ ಒಂದು ದಿನ ಎದುರಾಗುತ್ತದೆ. ಊರು ಮಂಡ್ಯ ಜಿಲ್ಲೆಯದೇ. ಆದರೆ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಸಿಗದು. ಊರಿನವರ ಗುಟ್ಟು ಕಾಪಾಡಲು ಸ್ಕಾರ್ಲೆಟ್ ಎಪ್‌ಸ್ಟೈನ್ ಇಟ್ಟ ಹೆಸರು ಅದು.

ಈಕೆ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ನಾಲೆಯ ನೀರು ಹರಿದ ವಂಗಲದಲ್ಲಿ ರೈತರು ಕಬ್ಬು ಬೆಳೆದು ಕಾಸು ಕಂಡರು, ಆದರೂ ಊರೊಳಗಿನ ಹಳೆಯ ಸಂಬಂಧಗಳು ಅಷ್ಟಾಗಿ ಕದಲಲಿಲ್ಲ. ನೀರು ಹತ್ತದ ‘ದಲೇನ’ದವರು ದುಡಿಮೆ ಹುಡುಕಿ ಹೊರಗೆ ಹೋದರು, ಬದಲಾವಣೆ ಹೆಚ್ಚಾದದ್ದು ಅಲ್ಲಿ. ಇದು 1962ರ ಪುಸ್ತಕದ ಮಾತು. 1970ರಲ್ಲಿ ಆಕೆ ಮತ್ತೆ ಬಂದು ನೋಡಿ, 1973ರಲ್ಲಿ ಇನ್ನೊಂದು ಪುಸ್ತಕ ತಂದರು. ಹೀಗಿರುವಾಗ ಇಸವಿಯಿಲ್ಲದೆ ‘ಎಪ್‌ಸ್ಟೈನ್ ಹೇಳುತ್ತಾರೆ’ ಎಂದು ಬರೆದರೆ, 1955ರ ರೈತ ಇಂದಿನ ರೈತನಾಗಿಬಿಡುತ್ತಾನೆ.

ಎಂ.ಎನ್. ಶ್ರೀನಿವಾಸ್ ಅವರ ರಾಮಪುರವೂ ಇಟ್ಟ ಹೆಸರೇ. ಅದು ಮೈಸೂರು ಜಿಲ್ಲೆಯ ಕೊಡಗಹಳ್ಳಿ. 1948ರಲ್ಲಿ ಅಲ್ಲಿದ್ದು ಅಧ್ಯಯನ ಮಾಡಿ ಅವರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಯಾರೋ ಹಚ್ಚಿದ ಬೆಂಕಿಗೆ ಸಿಕ್ಕವು. ನೆನಪನ್ನು ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಇದು ನೆನಪಿನ ಊರು ಎಂದು ಹೆಸರಿನಲ್ಲೇ ಒಪ್ಪಿಕೊಂಡ ಪುಸ್ತಕ! ರಾಮಪುರದ ಪ್ರಬಲ ಜಾತಿಯನ್ನು ಕುರಿತ ಅವರ 1959ರ ಲೇಖನವಾದರೋ ಬೆಂಕಿಗೆ ಮುಂಚಿನದು. ಊರು ಒಂದೇ, ಲೇಖಕರೂ ಒಬ್ಬರೇ. ಆಕರಗಳು ಮಾತ್ರ ಎರಡು ಬಗೆಯವು.

ನಮ್ಮಲ್ಲಿ ನಡೆಯುವುದೇನು? ಓದುವುದು ಗೈಡು, ಕೊನೆಯಲ್ಲಿ ಹಾಕುವುದು ಶ್ರೀನಿವಾಸರ ಹೆಸರು. ಗೈಡಿನಲ್ಲಿ ತಪ್ಪಿದ್ದರೆ ಆ ತಪ್ಪೂ ಅವರ ತಲೆಗೇ! ಮೂಲ ಸಿಗದಿದ್ದರೆ ‘ಇಂಥವರ ಪುಸ್ತಕದಲ್ಲಿ ಉದ್ಧೃತ’ ಎಂದು ಬರೆದು, ಕೈಯಲ್ಲಿದ್ದ ಪುಸ್ತಕದ ಇಸವಿ, ಪುಟ ಕೊಟ್ಟರೆ ಸಾಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇನ್ನೊಬ್ಬರ ವಾಕ್ಯವನ್ನು ಇದ್ದಂತೆ ಇಳಿಸಿಕೊಂಡರೆ ಉದ್ಧರಣ ಚಿಹ್ನೆ ಬೇಕು. ಮಾತು ನಿಮ್ಮದಾಗಿ ವಿಚಾರ ಅವರದಾದರೂ ಹೆಸರು ಹೇಳಲೇಬೇಕು.

ಪುಸ್ತಕದಲ್ಲಿಲ್ಲದ ಸಂಗತಿಗೆ ನಮ್ಮ ಮೊಹಲ್ಲಾದ ಹಿರಿಯರಿದ್ದಾರೆ. ರೇಷ್ಮೆಯದೋ ಗಾಡಿ ಬಾಡಿಗೆಯದೋ ಹಳೆಯ ದಿನಗಳ ಬಗ್ಗೆ ಅಜ್ಜಿಯೊಬ್ಬರು ಹೇಳಿದ್ದೂ ಆಕರವೇ. ಎಲ್ಲಿ, ಯಾವ ದಿನ, ಯಾವ ಭಾಷೆಯಲ್ಲಿ ಹೇಳಿದರು, ಅವರಿಗೆ ಆಗ ವಯಸ್ಸೆಷ್ಟು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಉರ್ದುವಿನಲ್ಲಿ ಹೇಳಿದ್ದನ್ನು ನೀವು ಕನ್ನಡಕ್ಕೆ ತಂದಿದ್ದರೆ ಅದನ್ನೂ ತಿಳಿಸಿ. ಹೆಸರು ಹಾಕಬಹುದೇ ಎಂದು ಕೇಳಿ. ಬೇಡವೆಂದರೆ ಎಪ್‌ಸ್ಟೈನ್ ಮಾಡಿದಂತೆ ಬೇರೆ ಹೆಸರಿಡಿ, ಹಾಗೆ ಇಟ್ಟಿದ್ದೀರೆಂದು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿ.